ತೆರೆಯನ್ನು ಮೊದಲು ಬಟ್ಟೆಯಾಗಿ ನೋಡೋಣ

ಸಭಾಪಾಲಕರಿಗೆ, ಹಿರಿಯರಿಗೆ, ಯುವಜನರಿಗೆ, ಎಲ್ಲರಿಗೂ ವಂದನೆ.

ಇಸ್ರಾಯೇಲ್ಯರ ಆರಾಧನಾ ಸ್ಥಳಗಳಲ್ಲಿ ಕ್ರಿಸ್ತನ ಗುರುತುಗಳು. ಇದು ನನಗೆ ಕೊಟ್ಟ ವಿಷಯ. ಮುಕ್ಕಾಲು ಗಂಟೆ ಕೊಟ್ಟಿದ್ದೀರಿ. ಪಾಳೆಯ, ತೆರೆ, ಕೃಪಾಸನ, ದೀಪಸ್ತಂಭ, ರೊಟ್ಟಿಯ ಮೇಜು ಅಂತ ಐದು ಅಂಶ ಬರೆದುಕೊಂಡು ಬಂದಿದ್ದೇನೆ. ತೆರೆ ಅಂದರೆ ಎಲ್ಲಕ್ಕಿಂತ ಒಳಗಿನ ಪವಿತ್ರ ಕೋಣೆಯನ್ನು ಮರೆಮಾಡುವ ಪರದೆ. ಐದೂ ಮುಗಿಯುತ್ತವೋ ಇಲ್ಲವೋ, ತೆರೆಯ ಮಾತು ಮಾತ್ರ ಆಡದೆ ಇಳಿಯುವುದಿಲ್ಲ.

ಹೋದ ವಾರ ನಮ್ಮ ಸಭೆಯ ಹುಡುಗನೊಬ್ಬ ವಾಟ್ಸ್‌ಆ್ಯಪ್‌ನಲ್ಲಿ ಒಂದು ಚಿತ್ರ ಕಳಿಸಿದ. ನೀವೂ ನೋಡಿರುತ್ತೀರಿ. ನಡುವೆ ದೇವದರ್ಶನದ ಗುಡಾರ, ಅಂದರೆ ಯೆರೂಸಲೇಮಿನ ದೇವಾಲಯಕ್ಕೆ ಮೊದಲು ಇಸ್ರಾಯೇಲ್ಯರು ಅರಣ್ಯದಲ್ಲಿ ಆರಾಧನೆ ಮಾಡುತ್ತಿದ್ದ ಡೇರೆ. ನಾಲ್ಕೂ ದಿಕ್ಕಿಗೆ ಕುಲಗಳ ಡೇರೆಗಳು. ಮೇಲಿನಿಂದ ನೋಡಿದರೆ ಶಿಲುಬೆ. ಕೆಳಗೆ, 'ಅಂಕಲ್, ಇದು ನಿಜಾನಾ?' ಅಂತ ಅವನ ಪ್ರಶ್ನೆ.

ಬೈಬಲ್ಲಿನ ಅರಣ್ಯಕಾಂಡ 2ನೇ ಅಧ್ಯಾಯ ತೆಗೆಯಿರಿ. ಪೂರ್ವಕ್ಕೆ ಯೆಹೂದ ಕುಲದ ದಂಡು, 1,86,400 ಮಂದಿ. ದಕ್ಷಿಣಕ್ಕೆ ರೂಬೇನ್, 1,51,450. ಪಶ್ಚಿಮಕ್ಕೆ ಎಫ್ರಾಯೀಮ್, 1,08,100. ಉತ್ತರಕ್ಕೆ ದಾನ್, 1,57,600. ಲೆಕ್ಕ ಇಷ್ಟೇ. ಡೇರೆಗಳ ಸಾಲು ಎಷ್ಟು ಅಗಲ ಇತ್ತು, ಎಷ್ಟು ಉದ್ದ ಇತ್ತು ಅಂತ ಒಂದು ಮಾತೂ ಅಲ್ಲಿಲ್ಲ. ಅಗಲ ನಾವೇ ಹಾಕಿಕೊಂಡು ಗೆರೆ ಎಳೆದರೆ ಶಿಲುಬೆ ಬರುತ್ತದೆ. ಬೇರೆ ಅಗಲ ಹಾಕಿದರೆ ಚೌಕ ಬರುತ್ತದೆ. ಆ ಹುಡುಗನಿಗೆ ಅದನ್ನೇ ಬರೆದೆ. 'ಹಾಗಾದ್ರೆ ಗುಡಾರದಲ್ಲಿ ಯೇಸು ಇಲ್ವಾ?' ಅಂತ ತಿರುಗಿ ಕೇಳಿದ. ಅವನ ದನಿಯಲ್ಲಿ ನೋವಿತ್ತು. ಅವನಿಗೆ ಫೋನಿನಲ್ಲಿ ಕೊಡಲಾಗದ ಉತ್ತರ ಇವತ್ತಿನ ನನ್ನ ಮಾತು.

ನನ್ನ ನಂಬಿಕೆ ಇದು: ಮೊದಲು ವಸ್ತು, ಆಮೇಲೆ ಗುರುತು. ಇಸ್ರಾಯೇಲ್ಯನೊಬ್ಬ ಆ ಅಂಗಳದಲ್ಲಿ ನಿಂತು ಏನು ನೋಡಿದ, ಏನು ಮೂಸಿದ, ಎಲ್ಲಿಗೆ ಬಂದಾಗ ಅವನ ಕಾಲು ನಿಂತಿತು, ಅದು ಮೊದಲು ಗೊತ್ತಾಗಬೇಕು. ಅದು ಗೊತ್ತಿಲ್ಲದೆ ಗೂಟ ಕಂಡಲ್ಲೆಲ್ಲ ಮೊಳೆ, ಕಂಬ ಕಂಡಲ್ಲೆಲ್ಲ ಶಿಲುಬೆ ಅಂದರೆ, ಆ ಗುಡಾರವನ್ನೂ ನೋಡಿದ ಹಾಗಾಗಲಿಲ್ಲ, ಕ್ರಿಸ್ತನನ್ನೂ ನೋಡಿದ ಹಾಗಾಗಲಿಲ್ಲ.

ಇದು ಇವತ್ತಿನ ಅಭ್ಯಾಸ ಅಂದುಕೊಳ್ಳಬೇಡಿ. ಬಾರ್ನಬನ ಹೆಸರಿನಲ್ಲಿ ಒಂದು ಹಳೆಯ ಪತ್ರಿಕೆ ಇದೆ, ನಮ್ಮ ಬೈಬಲ್ಲಿಗೆ ಸೇರಿಲ್ಲ. ಅಬ್ರಹಾಮನ ಮನೆಯ 318 ಆಳುಗಳಲ್ಲಿ ಅದು ಶಿಲುಬೆ ಕಾಣುತ್ತದೆ. ಗ್ರೀಕರು ಅಕ್ಷರಗಳನ್ನೇ ಅಂಕಿಗಳಾಗಿ ಬಳಸುತ್ತಿದ್ದರು. 300ಕ್ಕೆ ಟೌ ಅಕ್ಷರ, ಅದು ಶಿಲುಬೆಯ ಆಕಾರ. 18ಕ್ಕೆ ಯೇಸುವಿನ ಹೆಸರಿನ ಮೊದಲ ಎರಡು ಅಕ್ಷರ. ಪ್ರೀತಿಯಿಂದ ಮಾಡಿದ ಲೆಕ್ಕ, ಒಪ್ಪುತ್ತೇನೆ. ಆದರೆ ಅಬ್ರಹಾಮನ ಆಳುಗಳಿಗೆ ಗ್ರೀಕ್ ಬರುತ್ತಿರಲಿಲ್ಲ, ಅಲ್ವಾ?

ಇನ್ನೊಂದು, ಮಹಾಯಾಜಕನ ಕಾಲಿಗೆ ಹಗ್ಗ ಕಟ್ಟುವ ಕಥೆ. ತೆರೆಯ ಒಳಗೆ ಸತ್ತರೆ ಎಳೆದುಕೊಳ್ಳಲು ಅಂತ. ಇದನ್ನು ಕೇಳದವರು ಕೈ ಎತ್ತಿ. ಯಾರೂ ಇಲ್ಲ! ಬೈಬಲ್ಲಿನಲ್ಲಿ ಹಗ್ಗವೇ ಇಲ್ಲ. ಅದು ನೂರಾರು ವರ್ಷಗಳ ನಂತರದ ಯೆಹೂದ್ಯರ ಬರಹದಲ್ಲಿ ಬರುವ ಮಾತು. 'ಗೆಜ್ಜೆ ಸದ್ದು ನಿಂತರೆ ಸತ್ತ ಅಂತ ತಿಳಿಯುತ್ತಿತ್ತು' ಅಂತಲೂ ಸೇರಿಸುತ್ತೇವೆ. ಯಾಜಕಕಾಂಡ 16 ಓದಿ. ತೆರೆಯ ಆಚೆಗಿನ ಕೋಣೆಗೆ, ಅಂದರೆ ಮಹಾಪವಿತ್ರಸ್ಥಾನಕ್ಕೆ ಹೋಗುವ ಆ ದಿನ ಅವನು ಗೆಜ್ಜೆಯ ನಿಲುವಂಗಿ ಬಿಟ್ಟು ಬರೀ ನಾರಿನ ಬಟ್ಟೆ ಉಟ್ಟಿರುತ್ತಾನೆ. ಆ ಸರಳ ಬಿಳಿ ಬಟ್ಟೆಯೇ ಎಷ್ಟು ದೊಡ್ಡ ಗುರುತು! ಹಗ್ಗದ ಗದ್ದಲದಲ್ಲಿ ನಾವು ಅದನ್ನು ನೋಡಲೇ ಇಲ್ಲ.

ಈಗ ತೆರೆ. ಇದಕ್ಕೆ ನನ್ನ ಅಜ್ಜಿಯ ವಿಷಯ ಹೇಳಲೇಬೇಕು.

ಅಜ್ಜಿ ಬೆಟಗೇರಿಯಲ್ಲಿ ಕೈಮಗ್ಗದ ಮೇಲೆ ಕೂತವಳು. ಓದು ಬರುತ್ತಿರಲಿಲ್ಲ. ನಾನು ಆರನೇ ಕ್ಲಾಸಿನಲ್ಲಿದ್ದಾಗ ಗುಡ್ ಫ್ರೈಡೇ ದಿನ ಸಂಡೇ ಸ್ಕೂಲಿನಿಂದ ನಾಟಕ ಇತ್ತು. ಕೊನೆಗೆ ದೇವಾಲಯದ ತೆರೆ ಮೇಲಿನಿಂದ ಕೆಳಗಿನವರೆಗೆ ಹರಿಯಬೇಕು. 'ಪರ್ ಅಂತ ಸದ್ದು ಬರೋ ದಪ್ಪ ಬಟ್ಟೆ ಬೇಕು' ಅಂದರು ನಮ್ಮ ಟೀಚರ್. ನಾನು ಮನೆಯಿಂದ ಅಜ್ಜಿಯ ಹಚ್ಚಡ ಹೊತ್ತು ತಂದೆ. ಅಜ್ಜಿಯೂ ಹಿಂದೆಯೇ ಬಂದಳು, ತನ್ನ ಹಚ್ಚಡ ಏನು ಮಾಡುತ್ತಾರೋ ಅಂತ.

ಗರಡಿಗೆ ಹೋಗುವ ಇಬ್ಬರು ಅಣ್ಣಂದಿರು ಸ್ಟೂಲ್ ಹತ್ತಿದರು. ಒಬ್ಬ ಆ ಕಡೆ, ಒಬ್ಬ ಈ ಕಡೆ. ಎಳೆದರು. ಮುಖ ಕೆಂಪಾಯಿತು. ಹಚ್ಚಡ ಒಂದು ಎಳೆಯೂ ಬಿಡಲಿಲ್ಲ. ಮತ್ತೆ ಎಳೆದರು. ಅಜ್ಜಿ ಬಾಗಿಲಲ್ಲಿ ನಿಂತು ಸೆರಗು ಬಾಯಿಗೆ ಹಿಡಿದು ನಕ್ಕಳು. ಆಮೇಲೆ ಒಳಗೆ ಬಂದು ಬಟ್ಟೆಯ ಮೇಲೆ ಬೆರಳಿಟ್ಟು ತೋರಿಸಿದಳು: 'ಇದು ಹಾಸು, ಮ್ಯಾಲಿಂದ ಕೆಳಗ. ಇದು ಹೊಕ್ಕು, ಅಡ್ಡ. ನೀವು ಮ್ಯಾಲಿಂದ ಕೆಳಗ ಹರೀಬೇಕಂದ್ರ ಅಡ್ಡ ಇರೋ ಹೊಕ್ಕು ಒಂದೊಂದೂ ಕಡೀಬೇಕು. ಎಷ್ಟು ಸಾವಿರ ಅದಾವ ಎಣಸ್ರಿ.'

ನಾಟಕಕ್ಕೆ ಅಜ್ಜನ ಹಳೇ ಧೋತರ ಕೊಟ್ಟಳು. ಅದು ಚೆನ್ನಾಗಿಯೇ ಹರಿಯಿತು. ಮನೆಗೆ ಹೋಗುವಾಗ ದಾರಿಯಲ್ಲಿ ಕೇಳಿದಳು, 'ತಮ್ಮಾ, ಗುಡಿಯೊಳಗಿನ ತೆರಿ ಎಷ್ಟು ದಪ್ಪ ಇತ್ತು?' ನನಗೆ ಗೊತ್ತಿರಲಿಲ್ಲ. ಸ್ವಲ್ಪ ದೂರ ನಡೆದ ಮೇಲೆ ಅವಳೇ ಅಂದಳು, 'ಕೆಳಗ ನಿಂತ ಮನಶಾ ಕೆಳಗಿಂದ ಹರೀತಾನ. ಮ್ಯಾಲಿಂದ ಹರದದ ಅಂದ್ರ, ಮ್ಯಾಲೆ ಇದ್ದಾಂವನ ಹರದಾನ.'

ಎಷ್ಟೋ ವರ್ಷದ ಮೇಲೆ ಅವಳ ಪ್ರಶ್ನೆಗೆ ಉತ್ತರ ಸಿಕ್ಕಿತು. ಮಿಶ್ನಾ ಅಂದರೆ ಯೆಹೂದ್ಯ ಗುರುಗಳ ಬಾಯಿಮಾತಿನ ಬೋಧನೆಗಳ ಸಂಗ್ರಹ, ಕ್ರಿ.ಶ. 200ರ ಹೊತ್ತಿಗೆ ಒಟ್ಟಾದದ್ದು. ಅದರಲ್ಲಿ ತೆರೆಯ ಅಳತೆ ಇದೆ. ಉದ್ದ 40 ಮೊಳ, ಅಗಲ 20 ಮೊಳ. ದಪ್ಪ ಒಂದು ಅಂಗೈ ಅಗಲ. 72 ಹುರಿ, ಒಂದೊಂದು ಹುರಿಯಲ್ಲಿ 24 ಎಳೆ. ಅದನ್ನು ನೀರಲ್ಲಿ ಅದ್ದಿ ಶುದ್ಧ ಮಾಡಲು 300 ಯಾಜಕರು ಬೇಕಿತ್ತಂತೆ. ಈ 300 ಉತ್ಪ್ರೇಕ್ಷೆ ಅಂತ ಯೆಹೂದ್ಯ ಗುರುಗಳೇ ಹೇಳಿದ್ದಾರೆ. ಇರಲಿ. ಒಂದು ಅಂಗೈ ಅಗಲ ಅಂದರೆ ಎಷ್ಟು, ನಿಮ್ಮ ಕೈ ಅಡ್ಡ ಹಿಡಿದು ನೋಡಿಕೊಳ್ಳಿ. ಈಗ ಮತ್ತಾಯನ ಸುವಾರ್ತೆ 27ನೇ ಅಧ್ಯಾಯದಲ್ಲಿ, ಯೇಸು ಪ್ರಾಣ ಬಿಟ್ಟಾಗ ತೆರೆ ಮೇಲಿನಿಂದ ಕೆಳಗಿನವರೆಗೆ ಹರಿಯಿತು ಅನ್ನುವ ಆ ಒಂದು ವಾಕ್ಯ ಓದಿ. ಮೊದಲು ವಸ್ತು ಅಂತ ನಾನು ಹೇಳಿದ್ದು ಇದಕ್ಕೇ.

ಮೊದಲು ಗುಡಾರಕ್ಕೆ ದಾರ ನೂತವರು ಯಾರು? ವಿಮೋಚನಕಾಂಡ 35ರಲ್ಲಿದೆ: ಹೆಂಗಸರು. ನೀಲಿ, ಧೂಮ್ರ, ರಕ್ತವರ್ಣದ ದಾರವನ್ನು ತಮ್ಮ ಕೈಯಿಂದಲೇ ನೂತು ತಂದುಕೊಟ್ಟರು. ಈ ವಾಕ್ಯ ಓದಿದಾಗೆಲ್ಲ ಅಜ್ಜಿ ಇನ್ನೊಮ್ಮೆ ಓದಿಸುತ್ತಿದ್ದಳು.

ಆ ಬಣ್ಣಗಳಿಗೆ ನಾವು ಅರ್ಥ ಹೇಳುತ್ತೇವೆ: ನೀಲಿ ಪರಲೋಕ, ಕೆಂಪು ರಕ್ತ. ಆದರೆ ಯೆಹೂದ್ಯರೇ ನಮಗಿಂತ ಮೊದಲು ಅರ್ಥ ಹೇಳಿದ್ದರು. ಕ್ರಿ.ಶ. 70ರಲ್ಲಿ ಯೆರೂಸಲೇಮಿನ ದೇವಾಲಯ ಸುಟ್ಟುಹೋದ ಕಾಲದ ಇತಿಹಾಸಕಾರ ಜೋಸೆಫಸ್ ತಾನೇ ಯಾಜಕರ ಮನೆತನದವನು. ಅವನ ಪ್ರಕಾರ ಕೆಂಪು ಬೆಂಕಿ, ನಾರು ಭೂಮಿ, ನೀಲಿ ಗಾಳಿ, ಧೂಮ್ರ ಸಮುದ್ರ. ಅಂದರೆ ತೆರೆಯಲ್ಲಿ ಇಡೀ ಲೋಕವೇ ನೇಯ್ದಿದೆ. ಅವರ ಆರಾಧನೆಗೆ ಅವರದೇ ತುಂಬು ಅರ್ಥ ಇತ್ತು. ಅದು ಖಾಲಿ ಪಾತ್ರೆ, ನಾವು ಬಂದು ತುಂಬಿದೆವು ಅಂತ ಯಾರೂ ಮಾತಾಡಬಾರದು. ಆ ಜನ ಇವತ್ತಿಗೂ ಇದ್ದಾರೆ, ಪ್ರಾರ್ಥನೆ ಮಾಡುತ್ತಿದ್ದಾರೆ. ಇಬ್ರಿಯರಿಗೆ ಬರೆದ ಪತ್ರಿಕೆ ಆ ತೆರೆಯನ್ನು ಕ್ರಿಸ್ತನ ಶರೀರ ಅಂದಾಗ, ಅದು ಹೇಳಿದ್ದು ಆ ಬಟ್ಟೆಯ ಭಾರ ಗೊತ್ತಿದ್ದವರಿಗೆ.

ಇದೆಲ್ಲ ಬರೀ ಪುಸ್ತಕದ ಮಾತಲ್ಲ. ಇಸ್ರೇಲಿನ ನೆಗೆವ್ ಸೀಮೆಯ ಅರಾದ್‌ನಲ್ಲಿ ಪುರಾತತ್ವಜ್ಞ ಯೊಹಾನಾನ್ ಅಹರೋನಿ 1960ರ ದಶಕದಲ್ಲಿ ಅಗೆದರು. ಯೆಹೂದ ರಾಜ್ಯದ ಕೋಟೆಯೊಳಗೆ ಒಂದು ಚಿಕ್ಕ ದೇವಾಲಯವೇ ಸಿಕ್ಕಿತು. ಅಂಗಳದಲ್ಲಿ ಉಳಿ ಮುಟ್ಟಿಸದ ಕಲ್ಲಿನ ಯಜ್ಞವೇದಿ, ವಿಮೋಚನಕಾಂಡ 20 ಹೇಳುವ ಹಾಗೆಯೇ. ಆಮೇಲೆ ಒಂದು ಅಗಲ ಕೋಣೆ. ಅದರಾಚೆ ಮೆಟ್ಟಿಲು ಹತ್ತಿದರೆ ಒಂದು ಗೂಡು, ಅದೇ ಗರ್ಭಗುಡಿ. ಅಂಗಳ, ಕೋಣೆ, ಗೂಡು. ಒಳಗೆ ಹೋದಷ್ಟೂ ಜಾಗ ಚಿಕ್ಕದು, ಹೋಗಬಲ್ಲವರೂ ಕಡಿಮೆ. ಗೂಡಿನ ಬಾಯಲ್ಲಿ ಎರಡು ಧೂಪವೇದಿ. 2020ರಲ್ಲಿ ಅವುಗಳ ಮೇಲಿನ ಕರಿ ಪರೀಕ್ಷೆ ಮಾಡಿದರು. ದೊಡ್ಡದರಲ್ಲಿ ಸಾಂಬ್ರಾಣಿ, ಪ್ರಾಣಿಯ ಕೊಬ್ಬಿನ ಜೊತೆ. ಚಿಕ್ಕದರಲ್ಲಿ ಗಾಂಜಾ, ಸಗಣಿಯ ಜೊತೆ. ಹಿಂದಿನ ಬೆಂಚಿನಲ್ಲಿ ನಗು ಕೇಳಿಸಿತು! ನಗಿ, ಪರವಾಗಿಲ್ಲ. ಆದರೆ ಯೋಚನೆ ಮಾಡಿ, ಇಪ್ಪತ್ತೇಳು ಶತಮಾನದ ಹಿಂದಿನ ಹೊಗೆ ಇನ್ನೂ ಆ ಕಲ್ಲಿಗೆ ಅಂಟಿಕೊಂಡಿದೆ. ಅಲ್ಲಿ ಶಿಲುಬೆ ಇಲ್ಲ. ಗೂಡಿನ ಮುಂದೆ ನಿಂತ ಮನುಷ್ಯನ ಹಂಬಲ ಇದೆ.

ಚೀಟಿ ಬಂತು. ಹತ್ತು ನಿಮಿಷ.

ಹಾಗಾದರೆ ಕೃಪಾಸನ. ಮಹಾಪವಿತ್ರಸ್ಥಾನದಲ್ಲಿದ್ದ ಮಂಜೂಷದ, ಅಂದರೆ ದೇವರ ಒಡಂಬಡಿಕೆಯ ಪೆಟ್ಟಿಗೆಯ ಮೇಲಿನ ಚಿನ್ನದ ಮುಚ್ಚಳ. ಎರಡು ಕೊನೆಗೆ ಎರಡು ಕೆರೂಬಿ, ಅಂದರೆ ರೆಕ್ಕೆಯುಳ್ಳ ಪರಲೋಕದ ಜೀವಿಗಳ ರೂಪ. ನಡುವೆ ಏನೂ ಇಲ್ಲ. ಆ ಖಾಲಿ ಜಾಗದಿಂದಲೇ ನಾನು ಮಾತಾಡುತ್ತೇನೆ ಅಂತ ದೇವರು ಮೋಶೆಗೆ ಹೇಳಿದ್ದು. ಸುತ್ತಮುತ್ತಲಿನ ರಾಜ್ಯಗಳಲ್ಲಿ ಅಂಥ ಜಾಗದಲ್ಲಿ ಮೂರ್ತಿ ಇರುತ್ತಿತ್ತು. ಮುಂದೆ ಮಂಜೂಷವೂ ಕಳೆದುಹೋಯಿತು. ಯೇಸುವಿನ ಕಾಲದ ಮಹಾಪವಿತ್ರಸ್ಥಾನದಲ್ಲಿ ಏನೂ ಇರಲಿಲ್ಲ ಅಂತ ಜೋಸೆಫಸ್ ಬರೆಯುತ್ತಾನೆ. ಅಂಗೈ ದಪ್ಪದ ಆ ತೆರೆ ಕಾಯುತ್ತಿದ್ದದ್ದು ಒಂದು ಖಾಲಿ ಕೋಣೆಯನ್ನು.

ಈಗ ಯೋಹಾನ 20. ಮಗ್ದಲದ ಮರಿಯ ಅಳುತ್ತಾ ಸಮಾಧಿಯೊಳಗೆ ಬಗ್ಗಿ ನೋಡುತ್ತಾಳೆ. ದೇಹ ಇಟ್ಟಿದ್ದ ಜಾಗದಲ್ಲಿ ಇಬ್ಬರು ದೇವದೂತರು. ಒಬ್ಬ ತಲೆಯ ಕಡೆ, ಒಬ್ಬ ಕಾಲಿನ ಕಡೆ. ನಡುವೆ ಖಾಲಿ.

ಸ್ವಲ್ಪ ಹೊತ್ತು ಸುಮ್ಮನಿರುತ್ತೇನೆ.

ಆ ಹುಡುಗ ಇಲ್ಲೇ ಕೂತಿದ್ದಾನೆ. ಮಗಾ, ನಿನ್ನ ಪ್ರಶ್ನೆಗೆ ನನ್ನ ಉತ್ತರ ಇದು. ಇದಕ್ಕೆ ನಾವು ಅಗಲ ಊಹಿಸಬೇಕಿಲ್ಲ, ಗೆರೆ ಎಳೆಯಬೇಕಿಲ್ಲ.

ದೀಪಸ್ತಂಭಕ್ಕೂ ರೊಟ್ಟಿಯ ಮೇಜಿಗೂ ಸಮಯ ಉಳಿದಿಲ್ಲ. ರೋಮಿನ ಟೈಟಸ್ ಕಮಾನಿನ ಮೇಲೆ ಸೈನಿಕರು ದೇವಾಲಯದಿಂದ ಲೂಟಿ ಮಾಡಿದ ದೀಪಸ್ತಂಭ ಹೊತ್ತು ನಡೆಯುವ ಕೆತ್ತನೆ ಇದೆ, ಮೊಬೈಲಿನಲ್ಲಿ ಹುಡುಕಿ ನೋಡಿ. ರೊಟ್ಟಿ ಹನ್ನೆರಡು, ಪ್ರತಿ ಸಬ್ಬತ್ತಿಗೆ ಹೊಸದು. ಅದನ್ನು ಸಭಾಪಾಲಕರು ಕರ್ತನ ಭೋಜನದ ಪಾಠದಲ್ಲಿ ಹೇಳುತ್ತಾರೆ.

ಕೊನೆಗೆ ಒಂದು ಕೆಲಸ. ಅಜ್ಜಿಯ ಹಚ್ಚಡದ ಒಂದು ತುಂಡು ನನ್ನ ಹತ್ತಿರ ಉಳಿದಿದೆ, ತಂದಿದ್ದೇನೆ. ಮುಂದಿನ ಬೆಂಚಿನಿಂದ ಕೊಡುತ್ತೇನೆ. ಹಾಸು ಯಾವುದು, ಹೊಕ್ಕು ಯಾವುದು ಬೆರಳಿಟ್ಟು ನೋಡಿ. ಮೇಲಿನಿಂದ ಹಿಡಿದು ಒಮ್ಮೆ ಎಳೆದು ನೋಡಿ. ಹೆದರಬೇಡಿ, ಹರಿಯುವುದಿಲ್ಲ. ಹಿಂದಿನ ಸಾಲಿನವರೆಗೂ ಹೋಗಲಿ.