ಪ್ರಾಗ್ ನಗರದಲ್ಲಿ ಸಹಶಿಕ್ಷಕರೊಡನೆ ಒಂದು ದಿನ

ಮಾನ್ಯ ಅಧ್ಯಕ್ಷರೆ, ವೇದಿಕೆಯ ಮೇಲಿರುವ ಹಿರಿಯರೆ, ಶಿಕ್ಷಕ ಬಂಧುಗಳೆ,

ಶಿಕ್ಷಕರ ಗುಂಪೊಂದನ್ನು ಪರದೇಶದ ಊರಿಗೆ ಕರೆದುಕೊಂಡು ಹೋಗುವುದು ಈಗ ಅಷ್ಟೇನೂ ಕಷ್ಟವಲ್ಲ. ಅಲ್ಲಿ ಅವರನ್ನು ಸುಮ್ಮನಿರಿಸುವುದು ಕಷ್ಟ. ವರ್ಷಗಟ್ಟಲೆ ತರಗತಿಯಲ್ಲಿ ವಿವರಿಸಿ ರೂಢಿಯಾದ ನಾಲಿಗೆಗೆ ಕಣ್ಣಿಗೆ ಬಿದ್ದದ್ದನ್ನೆಲ್ಲ ವಿವರಿಸುವ ಚಪಲವಿರುತ್ತದೆ. ಇತಿಹಾಸದ ಮೇಷ್ಟರ ಮುಂದೆ ಒಂದು ಹಳೆಯ ಗೋಪುರ ಸಿಕ್ಕಿತೆಂದರೆ ಉಳಿದವರ ಅರ್ಧ ಗಂಟೆ ಹೋಯಿತೆಂದೇ ಲೆಕ್ಕ. ಈ ಚಪಲವನ್ನು ಒಂದು ದಿನದ ಮಟ್ಟಿಗೆ ಬದಿಗಿಟ್ಟರೆ ಊರು ನಮಗೆ ಹೇಗೆ ಕಾಣಿಸುತ್ತದೆ ಎಂಬುದೇ ಇಂದಿನ ನನ್ನ ಮಾತಿನ ವಿಷಯ.

ಚೆಕ್ ಗಣರಾಜ್ಯದ ರಾಜಧಾನಿಯಾದ ಪ್ರಾಗ್‌ನಲ್ಲಿ ಹಲವು ದೇಶಗಳ ಶಾಲಾ ಶಿಕ್ಷಕರಿಗಾಗಿ ನಡೆದ ತರಬೇತಿ ಶಿಬಿರದ ನಡುವೆ ನಮಗೊಂದು ದಿನ ಬಿಡುವು ದೊರಕಿತು. ಗಣಿತ, ಭೂಗೋಳ, ಇತಿಹಾಸ, ಚಿತ್ರಕಲೆಯನ್ನು ಕಲಿಸುವವರೂ ಒಂದನೆಯ ತರಗತಿಯ ಒಬ್ಬ ಹಿರಿಯ ಶಿಕ್ಷಕಿಯೂ ಭಾಷಾ ಶಿಕ್ಷಕನಾದ ನಾನೂ ಒಂದು ಗುಂಪಾದೆವು. ಟ್ರಾಮ್ ಹತ್ತಿ, ಹಳದಿ ಪೆಟ್ಟಿಗೆಯೊಳಗೆ ಟಿಕೇಟು ತೂರಿಸಿ ಸಮಯದ ಮುದ್ರೆ ಒತ್ತಿಸಿಕೊಳ್ಳುತ್ತಿದ್ದಾಗಲೇ ಆ ಹಿರಿಯ ಶಿಕ್ಷಕಿ ಒಂದು ನಿಯಮ ಹೇಳಿದರು: ಯಾರೂ ತಮ್ಮ ತಮ್ಮ ವಿಷಯದ ಬಗ್ಗೆ ಮಾತನಾಡಕೂಡದು; ಗೊತ್ತಿಲ್ಲದವರೇ ನೋಡಿ, ಕೇಳಿ, ಊಹಿಸಬೇಕು; ಗೊತ್ತಿದ್ದವರು ಕೇಳಿದ್ದಕ್ಕಷ್ಟೇ ಉತ್ತರ ಕೊಡಬೇಕು. ನಕ್ಕು ಒಪ್ಪಿಕೊಂಡೆವು. ಪಾಲಿಸುವುದು ಎಷ್ಟು ಕಷ್ಟವೆಂದು ಆಗ ಹೊಳೆದಿರಲಿಲ್ಲ.

ಹಳೆ ಪಟ್ಟಣದ ಚೌಕದಲ್ಲಿ ಎಲ್ಲರೂ ತಲೆಯೆತ್ತಿ ಗೋಪುರಗಳನ್ನು ನೋಡುತ್ತಿರುತ್ತಾರೆ. ನಮ್ಮ ಚಿತ್ರಕಲಾ ಶಿಕ್ಷಕಿಯ ದೃಷ್ಟಿ ಮಾತ್ರ ನೆಲದ ಕಲ್ಲುಹಾಸಿನ ನಡುವೆ ಹಾದುಹೋಗಿದ್ದ ಲೋಹದ ಪಟ್ಟಿಯೊಂದರ ಮೇಲೆ ಬಿತ್ತು. ಹಿಂದೆ ಪ್ರಾಗ್‌ನ ಕಾಲವನ್ನು ಈ ರೇಖೆಯಿಂದ ನಿರ್ಧರಿಸಲಾಗುತ್ತಿತ್ತೆಂದು ಅದರ ಪಕ್ಕದಲ್ಲಿ ಲ್ಯಾಟಿನ್ ಮತ್ತು ಚೆಕ್ ಭಾಷೆಗಳಲ್ಲಿ ಬರೆದಿದ್ದಾರೆ. ಚೌಕದಲ್ಲಿ 17ನೆಯ ಶತಮಾನದಲ್ಲಿ ನಿಲ್ಲಿಸಿದ ಮೇರಿ ಮಾತೆಯ ಸ್ತಂಭದ ನೆರಳು ಈ ರೇಖೆಯ ಮೇಲೆ ಬಿದ್ದಾಗ ಊರಿಗೆ ನಡುಹಗಲು. ಜೆಕೊಸ್ಲೊವಾಕಿಯ ಸ್ವತಂತ್ರವಾದ ಕೆಲವೇ ದಿನಗಳಲ್ಲಿ, 1918ರ ನವೆಂಬರಿನಲ್ಲಿ, ಸ್ತಂಭವನ್ನು ಹ್ಯಾಬ್ಸ್‌ಬರ್ಗ್ ರಾಜವಂಶದ ಆಳ್ವಿಕೆಯ ಕುರುಹೆಂದು ಬಗೆದ ಜನರ ಗುಂಪು ಅದನ್ನು ಉರುಳಿಸಿತು. ಅದೇ ಜಾಗದಲ್ಲಿ ಈಗ ನಿಂತಿರುವ ಪ್ರತಿಕೃತಿ ಬಂದದ್ದು 2020ರಲ್ಲಿ. ಒಂದು ಶತಮಾನದ ಕಾಲ ಊರಿನಲ್ಲಿ ರೇಖೆಯಿತ್ತು, ಅದರ ಮೇಲೆ ಬೀಳಬೇಕಾದ ನೆರಳಿರಲಿಲ್ಲ.

ಭೂಗೋಳದವರು ಬಾಯಿ ಬಿಗಿಹಿಡಿದು ನಿಂತಿದ್ದರು. ಸೂರ್ಯ ನೆತ್ತಿಗೆ ಬರುವ ಹೊತ್ತಿಗೂ ನಮ್ಮ ಕೈಗಡಿಯಾರದ ಹನ್ನೆರಡಕ್ಕೂ ಎಷ್ಟು ಅಂತರವಿರಬಹುದೆಂದು ನಾವೇ ಕೇಳಿದ ಮೇಲೆ ಅವರು ಎರಡು ಅಂಕಿಗಳನ್ನು ಮಾತ್ರ ಕೊಟ್ಟರು: ಪ್ರಾಗ್ ಇರುವುದು ಪೂರ್ವ ರೇಖಾಂಶ ಸುಮಾರು 14 ಡಿಗ್ರಿ 25 ಮಿನಿಟಿನಲ್ಲಿ; ಮಧ್ಯ ಯುರೋಪಿನ ಕಾಲಮಾನ ನಿಂತಿರುವುದು 15 ಡಿಗ್ರಿ ರೇಖಾಂಶದ ಮೇಲೆ. ಒಂದು ಡಿಗ್ರಿಗೆ ನಾಲ್ಕು ನಿಮಿಷವೆಂಬುದು ಎಲ್ಲರಿಗೂ ಶಾಲೆಯಲ್ಲಿ ಕಲಿತ ನೆನಪಿತ್ತು. ಲೆಕ್ಕ ಹಾಕಿದರೆ ಎರಡು ನಿಮಿಷದ ಮೇಲೆ ಸ್ವಲ್ಪ ಬಂತು. ಬೇಸಿಗೆಯ ಕಾಲಮಾನಕ್ಕಾಗಿ ಗಡಿಯಾರವನ್ನು ಒಂದು ಗಂಟೆ ಮುಂದೆ ಇಡುವುದರಿಂದ ಬೇಸಿಗೆಯಲ್ಲಿ ಅಲ್ಲಿನ ನಡುಹಗಲು ಒಂದು ಗಂಟೆಯ ಆಚೀಚೆ ಬರುತ್ತದೆ. ಭೂಮಿಯ ಕಕ್ಷೆ ಪೂರ್ಣ ವೃತ್ತವಲ್ಲದ್ದರಿಂದಲೂ ಅಕ್ಷ ವಾಲಿರುವುದರಿಂದಲೂ ಋತುವಿಗೆ ತಕ್ಕಂತೆ ಇನ್ನೂ ಕೆಲವು ನಿಮಿಷಗಳ ಏರುಪೇರು ಉಂಟು. ಅವರೇ ವಿವರಿಸಿದ್ದರೆ ಈ ವಿಷಯ ಎರಡು ವಾಕ್ಯದಲ್ಲಿ ಮುಗಿದು, ನಮಗೆ ಮರೆತೂ ಹೋಗುತ್ತಿತ್ತೆಂದು ನನ್ನ ಅನಿಸಿಕೆ.

ಆ ರೇಖೆಯಿಂದ ನಾಲ್ಕು ಹೆಜ್ಜೆ ನಡೆದರೆ ಹಳೆಯ ಪುರಭವನದ ಗೋಡೆಯಲ್ಲಿ ಖಗೋಳ ಗಡಿಯಾರವಿದೆ. ಊರಿನವರು ಅದನ್ನು ಓರ್ಲೋಯ್ ಎನ್ನುತ್ತಾರೆ. 1410ರಲ್ಲಿ ಕಾದಾನಿನ ಮಿಕುಲಾಷ್ ಎಂಬ ಕುಶಲಕರ್ಮಿ ಇದನ್ನು ಮಾಡಿದ. ಇನ್ನೆಲ್ಲೂ ಇಂಥ ಗಡಿಯಾರ ಮಾಡಬಾರದೆಂದು ಹನೂಷ್ ಎಂಬ ಶಿಲ್ಪಿಯ ಕಣ್ಣು ಕೀಳಿಸಿದರೆಂಬ ಕಥೆಯನ್ನು ಪ್ರವಾಸಿ ಮಾರ್ಗದರ್ಶಕರು ಈಗಲೂ ಹೇಳುತ್ತಾರೆ. ಇದನ್ನು ಮಾಡಿದವನು ಮಿಕುಲಾಷನೆಂದು ಹೇಳುವ 1410ರ ದಾಖಲೆ ಬೆಳಕಿಗೆ ಬಂದ ಮೇಲೂ ಹೇಳುತ್ತಾರೆ. ಬೆಳಿಗ್ಗೆ ಒಂಬತ್ತರಿಂದ ರಾತ್ರಿ ಹನ್ನೊಂದರವರೆಗೆ ಪ್ರತಿ ಗಂಟೆಗೊಮ್ಮೆ ಅಸ್ಥಿಪಂಜರದ ರೂಪದ ಮೃತ್ಯು ಹಗ್ಗ ಎಳೆಯುತ್ತದೆ, ಕಿಟಕಿಗಳಲ್ಲಿ ಯೇಸುವಿನ ಹನ್ನೆರಡು ಮಂದಿ ಶಿಷ್ಯರ ಬೊಂಬೆಗಳು ಹಾದುಹೋಗುತ್ತವೆ, ಕೊನೆಗೊಂದು ಕೋಳಿ ಕೂಗುತ್ತದೆ. ನೆರೆದವರೆಲ್ಲ ಮೊಬೈಲು ಎತ್ತಿ ಹಿಡಿಯುತ್ತಾರೆ, ಒಂದು ನಿಮಿಷದೊಳಗೆ ಎಲ್ಲ ಮುಗಿಯುತ್ತದೆ, ಜನ ಚದುರುತ್ತಾರೆ. ನನ್ನ ಮಟ್ಟಿಗೆ ಈ ಗಡಿಯಾರದಲ್ಲಿ ನೋಡುವಂಥದ್ದರಲ್ಲಿ ಅತ್ಯಂತ ಸಪ್ಪೆಯಾದದ್ದು ಈ ಬೊಂಬೆಯಾಟವೇ.

ಗಂಟೆಯಾಗಲು ಇನ್ನೂ ಹೊತ್ತಿತ್ತು. ಗಣಿತದ ಮೇಷ್ಟರು ವಿವರಿಸಲು ಅನುಮತಿಯಿಲ್ಲದೆ ಚಡಪಡಿಸಿ, ಕೊನೆಗೆ ಟ್ರಾಮ್ ಟಿಕೇಟಿನ ಹಿಂಭಾಗದಲ್ಲಿ ಆರು ಅಂಕಿಗಳನ್ನು ಬರೆದು ನಮ್ಮ ಕೈಗಿಟ್ಟರು: 1, 2, 3, 4, 3, 2. ಗಂಟೆ ಬಾರಿಸುವ ಯಂತ್ರದಲ್ಲಿ ದಿನಕ್ಕೊಮ್ಮೆ ಸುತ್ತುವ ದೊಡ್ಡ ಚಕ್ರವೊಂದಿದೆ. ಅದರ ಅಂಚಿನ ಕಚ್ಚುಗಳ ನಡುವಿನ ಅಂತರ ಒಂದರಿಂದ ಇಪ್ಪತ್ನಾಲ್ಕರವರೆಗೆ ಬೆಳೆಯುತ್ತ ಹೋಗುತ್ತದೆ. ಅದಕ್ಕೆ ನೆರವಾಗಿ ಇರುವ ಸಣ್ಣ ಚಕ್ರದ ಕಚ್ಚುಗಳ ಅಂತರಗಳೇ ಈ ಆರು ಅಂಕಿಗಳು. ಇಷ್ಟು ಹೇಳಿ ಅವರು ಸುಮ್ಮನಾದರು. ಇವುಗಳನ್ನು ಸುತ್ತಿ ಸುತ್ತಿ ಬರೆಯುತ್ತ ಹೋಗಿ ನೋಡಿ ಎಂಬುದು ಅವರು ಕೊಟ್ಟ ಏಕೈಕ ಸುಳಿವು.

ಬಿಡಿಸಿದವರು ಚಿತ್ರಕಲೆಯ ಶಿಕ್ಷಕಿ. ಒಂದು, ಎರಡು, ಮೂರು, ನಾಲ್ಕು ಹಾಗೆಯೇ ಬಂದವು. ಐದು ಬೇಕಾದಾಗ ಮುಂದಿನ ಮೂರು ಮತ್ತು ಎರಡು ಸೇರಿದವು. ಆರಕ್ಕೆ ಒಂದು, ಎರಡು, ಮೂರು. ಏಳಕ್ಕೆ ನಾಲ್ಕು, ಮೂರು. ಎಂಟಕ್ಕೆ ಎರಡು, ಒಂದು, ಎರಡು, ಮೂರು. ಯಾವ ಅಂಕಿಯನ್ನೂ ಒಡೆಯಬೇಕಾಗದೆ, ಯಾವುದನ್ನೂ ಬಿಡಬೇಕಾಗದೆ ಇಪ್ಪತ್ನಾಲ್ಕರವರೆಗೂ ಇದು ನಡೆಯುತ್ತದೆ. ಆರು ಅಂಕಿಗಳ ಮೊತ್ತ 15. ಒಂದರಿಂದ ಇಪ್ಪತ್ನಾಲ್ಕರವರೆಗಿನ ಹೊಡೆತಗಳ ಮೊತ್ತ 300. ಹದಿನೈದರಿಂದ ಮುನ್ನೂರು ಸರಿಯಾಗಿ ಭಾಗವಾಗುವುದರಿಂದ ದಿನದ ಕೊನೆಗೆ ಸಣ್ಣ ಚಕ್ರ ಹೊರಟಲ್ಲಿಗೇ ಬಂದು ನಿಲ್ಲುತ್ತದೆ. ತಾನು ಲೆಕ್ಕದಲ್ಲಿ ದಡ್ಡಿಯೆಂದು ಮೊದಲ ದಿನವೇ ಘೋಷಿಸಿಕೊಂಡಿದ್ದ ಆಕೆ ಬೊಂಬೆಗಳು ಬಂದಾಗ ತಲೆಯೆತ್ತಲೇ ಇಲ್ಲ; ಕಾಗದದ ಮೇಲೆ ಹದಿಮೂರರಲ್ಲಿದ್ದರು.

ಚೌಕ ಬಿಡುವ ಮುನ್ನ, ಪುರಭವನದ ಬದಿಯ ನೆಲದಲ್ಲಿ ಹುದುಗಿಸಿರುವ 27 ಬಿಳಿಯ ಶಿಲುಬೆಗಳನ್ನು ದಾಟಿದೆವು. 1620ರ ಬಿಳಿಬೆಟ್ಟದ ಕದನದಲ್ಲಿ ಸೋತ, ಚೆಕ್ ನಾಡಿನ ಪಶ್ಚಿಮ ಭಾಗವಾದ ಬೊಹೀಮಿಯದ ಪ್ರೊಟೆಸ್ಟೆಂಟ್ ಬಂಡಾಯದ 27 ಮುಂದಾಳುಗಳನ್ನು 1621ರ ಜೂನ್ 21ರಂದು ಅಲ್ಲಿಯೇ ಕೊಲ್ಲಲಾಯಿತು. ಇದರ ಪರಿಣಾಮವಾಗಿ ದೇಶಬಿಟ್ಟ ಒಬ್ಬ ಶಿಕ್ಷಕನ ವಿಷಯಕ್ಕೆ ಮುಂದೆ ಬರುತ್ತೇನೆ.

ಅಲ್ಲಿಂದ ಹಳೆಯ ಯಹೂದಿ ಕೇರಿಯ ಪಿಂಕಾಸ್ ಸಿನಗಾಗ್ ಎಂಬ ಪ್ರಾರ್ಥನಾಮಂದಿರಕ್ಕೆ ಹೋದೆವು. ಒಳಗೋಡೆಗಳ ಮೇಲೆ ನಾಜಿಗಳು ಕೊಂದ ಬೊಹೀಮಿಯ ಮತ್ತು ಮೊರಾವಿಯದ ಸುಮಾರು 78,000 ಯಹೂದಿಗಳ ಹೆಸರುಗಳನ್ನು ಕೈಯಿಂದ ಬರೆದಿದ್ದಾರೆ: ಊರು, ಮನೆತನ, ಹೆಸರು, ಹುಟ್ಟಿದ ದಿನ, ಬದುಕಿದ್ದರೆಂದು ಗೊತ್ತಿರುವ ಕೊನೆಯ ದಿನ. 1950ರ ದಶಕದಲ್ಲಿ ಬರೆದ ಈ ಗೋಡೆಗಳು ನೆಲದ ತೇವಕ್ಕೆ ಹಾಳಾಗಿ, 1968ರ ನಂತರ ಕಟ್ಟಡವೇ ಮುಚ್ಚಿಹೋಗಿ, ಕಮ್ಯುನಿಸ್ಟ್ ಆಡಳಿತ ಹೋದ ಮೇಲೆ 1992ರಿಂದ 1996ರವರೆಗೆ ಎಲ್ಲ ಹೆಸರುಗಳನ್ನೂ ಮತ್ತೆ ಬರೆಯಬೇಕಾಯಿತು.

ಮೇಲಿನ ಅಂತಸ್ತಿನಲ್ಲಿ ಮಕ್ಕಳ ಚಿತ್ರಗಳಿವೆ. ಪ್ರಾಗ್‌ನ ಉತ್ತರಕ್ಕೆ ಸುಮಾರು 60 ಕಿಲೋಮೀಟರ್ ದೂರದ ತೆರೆಜಿನ್ ಎಂಬ ಕೋಟೆಪಟ್ಟಣವನ್ನು ನಾಜಿಗಳು ಬಂದೀವಾಸವಾಗಿ ಮಾಡಿಕೊಂಡಿದ್ದರು. ಅಲ್ಲಿ ಮಕ್ಕಳಿಗೆ ಪಾಠ ಹೇಳುವುದು ನಿಷಿದ್ಧವಾಗಿತ್ತು. ವಿಯೆನ್ನಾದಲ್ಲಿ ಹುಟ್ಟಿ, ಬೌಹೌಸ್ ಕಲಾಶಾಲೆಯಲ್ಲಿ ಕಲಿತ ಫ್ರೀಡ್ಲ್ ಡಿಕರ್-ಬ್ರಾಂಡೈಸ್ 1942ರ ಡಿಸೆಂಬರಿನಲ್ಲಿ ಬಂದಿಯಾಗಿ ಬಂದು ಅಲ್ಲಿನ ಮಕ್ಕಳಿಗೆ ಚಿತ್ರ ಬಿಡಿಸಲು ಕಲಿಸಿದರು. ಸಿಕ್ಕ ರದ್ದಿ ಕಾಗದದ ಮೇಲೆಯೇ ಕೆಲಸ. ಪ್ರತಿ ಮಗುವೂ ತನ್ನ ಚಿತ್ರದ ಮೇಲೆ ತನ್ನ ಹೆಸರು ಬರೆಯಬೇಕೆಂಬುದು ಅವರ ಕಟ್ಟುಪಾಡು. 1944ರ ಅಕ್ಟೋಬರಿನಲ್ಲಿ ಅವರನ್ನು ಆಶ್‌ವಿಟ್ಸ್ ಎಂಬ ನಾಜಿ ಹತ್ಯಾಶಿಬಿರಕ್ಕೆ ಒಯ್ದು ಕೊಂದರು. ಹೊರಡುವ ಮುನ್ನ ಸುಮಾರು 4,500 ಚಿತ್ರಗಳನ್ನು ಎರಡು ಸೂಟ್‌ಕೇಸುಗಳಲ್ಲಿ ತುಂಬಿ ಬಿಟ್ಟುಹೋಗಿದ್ದರು. ಯುದ್ಧ ಮುಗಿದ ಮೇಲೆ ಅವು ಪ್ರಾಗ್‌ಗೆ ಬಂದವು.

ಆ ಚಿತ್ರಗಳ ಕೆಳಗಿನ ಚೀಟಿಗಳಲ್ಲಿ ಹೆಸರಿದೆ, ಹುಟ್ಟಿದ ದಿನವಿದೆ. ಹತ್ತು ವರ್ಷ, ಹನ್ನೊಂದು ವರ್ಷವೆಂದು ನಮಗರಿವಿಲ್ಲದೆಯೇ ಲೆಕ್ಕ ಹಾಕತೊಡಗುತ್ತೇವೆ. ಇದು ಯಾವ ತರಗತಿಯ ವಯಸ್ಸು ಎಂಬ ಎಣಿಕೆ ಶಿಕ್ಷಕರಿಗೆ ಅಭ್ಯಾಸಬಲದಿಂದ ಬಂದುಬಿಡುತ್ತದೆ. ಮನೆ, ಹೂವು, ಚಿಟ್ಟೆ, ಹುಲ್ಲುಗಾವಲು, ಜೊತೆಗೆ ಮೂರಂತಸ್ತಿನ ಮಂಚಗಳು ಸಾಲಾಗಿರುವ ಕೊಠಡಿ. ನಿಯಮವನ್ನು ನೆನಪಿಸುವ ಅಗತ್ಯ ಅಲ್ಲಿ ಬೀಳಲಿಲ್ಲ.

ಮಧ್ಯಾಹ್ನ ಚಾರ್ಲ್ಸ್ ಸೇತುವೆಯ ಮೇಲೆ ವಲ್ಟಾವಾ ನದಿ ದಾಟಿದೆವು. ಬೊಹೀಮಿಯದ ದೊರೆ ನಾಲ್ಕನೆಯ ಚಾರ್ಲ್ಸ್ 1357ರಲ್ಲಿ ಅಡಿಗಲ್ಲು ಹಾಕಿದ, 516 ಮೀಟರ್ ಉದ್ದದ ಸೇತುವೆ ಅದು. ಆ ವರ್ಷದ ಜುಲೈ 9ರ ಬೆಳಗಿನ 5 ಗಂಟೆ 31 ನಿಮಿಷಕ್ಕೆ, ಹಿಂದುಮುಂದಾಗಿ ಓದಿದರೂ ಒಂದೇ ಆಗುವ ಅಂಕಿಗಳ ಮುಹೂರ್ತದಲ್ಲಿ, ಕೆಲಸ ಆರಂಭವಾಯಿತೆಂದು ಹೇಳುತ್ತಾರೆ. ವರ್ಷ ಖಚಿತ, ಗಂಟೆ ನಿಮಿಷಗಳು ನಂತರದವರ ತರ್ಕದ ಫಲ. ಆದರೂ ನಮ್ಮಲ್ಲಿ ಹೆಚ್ಚಿನವರು ಊರಿಗೆ ಹೋಗಿ ಇದನ್ನೇ ಮಕ್ಕಳಿಗೆ ಹೇಳುತ್ತಾರೆಂದು ನನಗೆ ಗುಮಾನಿಯಿದೆ.

ಸೇತುವೆಯಾಚೆಯ ಮಾಲಾ ಸ್ಟ್ರಾನಾದಲ್ಲಿ, 1892ರಲ್ಲಿ ಸ್ಥಾಪನೆಯಾದ, ಯಾನ್ ಆಮೋಸ್ ಕೊಮೆನ್ಸ್ಕಿಯ ಹೆಸರಿನ ಶಿಕ್ಷಣ ವಸ್ತುಸಂಗ್ರಹಾಲಯವಿದೆ. ಡಿ.ಎಡ್., ಬಿ.ಎಡ್. ಓದಿದವರಿಗೆಲ್ಲ ಕಮೇನಿಯಸ್ ಎಂಬ ಹೆಸರಿನಲ್ಲಿ ಪರಿಚಿತನಾದವನೇ ಈತ. ಚೆಕ್ಕರ 200 ಕೊರುನಾ ನೋಟಿನ ಮೇಲೆ ಅವನ ಚಿತ್ರವಿದೆ. ಅವನು ಹುಟ್ಟಿದ ಮಾರ್ಚ್ 28 ಅಲ್ಲಿನ ಶಿಕ್ಷಕರ ದಿನ. ಪರೀಕ್ಷೆಗಾಗಿ ಬಾಯಿಪಾಠ ಮಾಡಿದ ಆ ಹೆಸರಿನ ಹಿಂದಿನ ಬದುಕು ನಮಗೆ ಗೊತ್ತಿರಲಿಲ್ಲ. 1622ರ ಪ್ಲೇಗಿನಲ್ಲಿ ಹೆಂಡತಿಯೂ ಇಬ್ಬರು ಮಕ್ಕಳೂ ತೀರಿಕೊಂಡರು. ಬಿಳಿಬೆಟ್ಟದ ಸೋಲಿನ ನಂತರ ಅವನ ಪ್ರೊಟೆಸ್ಟೆಂಟ್ ಪಂಥದವರಿಗೆ ನೆಲೆಯಿಲ್ಲದಂತಾಗಿ 1628ರಲ್ಲಿ ದೇಶ ಬಿಟ್ಟ. 1656ರಲ್ಲಿ ಅವನು ನೆಲೆಸಿದ್ದ ಪೋಲೆಂಡಿನ ಲೆಶ್ನೊ ಪಟ್ಟಣ ಸುಟ್ಟಾಗ ಪುಸ್ತಕಗಳೂ ಹಸ್ತಪ್ರತಿಗಳೂ ಬೂದಿಯಾದವು. ಮಕ್ಕಳಿಗಾಗಿ ಬರೆದ ಅವನ ಸಚಿತ್ರ ಪುಸ್ತಕ ‘ಓರ್ಬಿಸ್ ಪಿಕ್ಟುಸ್’ ನ್ಯೂರೆಂಬರ್ಗ್‌ನಲ್ಲಿ ಅಚ್ಚಾದದ್ದು ಅದಾದ ಎರಡು ವರ್ಷಕ್ಕೆ, 1658ರಲ್ಲಿ.

ಆ ಪುಸ್ತಕದ ಪುಟವನ್ನು ಹತ್ತಿರದಿಂದ ನೋಡಬೇಕು. ಚಿತ್ರದೊಳಗಿನ ಪ್ರತಿ ವಸ್ತುವಿಗೂ ಒಂದು ಅಂಕಿ. ಕೆಳಗಿನ ಲ್ಯಾಟಿನ್ ಮತ್ತು ಜರ್ಮನ್ ವಾಕ್ಯಗಳಲ್ಲಿ ಆ ವಸ್ತುವಿನ ಹೆಸರಿನ ಪಕ್ಕದಲ್ಲಿ ಅದೇ ಅಂಕಿ. ಶಾಲೆಯ ಅಧ್ಯಾಯದ ಚಿತ್ರದಲ್ಲಿ ಗುರುವಿಗೆ ಒಂದು ಅಂಕಿ, ಬೆಂಚಿಗೆ ಒಂದು ಅಂಕಿ, ಪಾಠ ಬಿಟ್ಟು ಹರಟುತ್ತ ಕೂತ ಹುಡುಗರಿಗೂ ಒಂದು ಅಂಕಿ. ಅಕ್ಷರಮಾಲೆಯ ಭಾಗದಲ್ಲಿ ಮೊದಲ ಸ್ವರ ಕಲಿಸುವುದು ಕಾಗೆಯ ಕೂಗು. ಒಂದನೆಯ ತರಗತಿಯ ಶಿಕ್ಷಕಿ ಆ ಕೂಗನ್ನು ಹಾಕಿಯೇಬಿಟ್ಟರು. ಕಾವಲಿನವರು ತಿರುಗಿ ನೋಡಿ ನಕ್ಕರು.

ಪ್ರಾಗ್ ಕೋಟೆಗೆ ಹೋಗಲು ಹೊತ್ತಾಗಲಿಲ್ಲ. ಕೋಟೆ ನೋಡದೆ ಬಂದಿರೇ ಎಂದು ಕೇಳುವವರಿಗೆ ನನ್ನ ಉತ್ತರ ಹೌದೆಂದಷ್ಟೇ. ಇಂಥ ದಿನವೊಂದನ್ನು ಯೋಜಿಸುವವರು ನಾಲ್ಕು ಜಾಗಗಳಿಗಿಂತ ಹೆಚ್ಚು ಇಟ್ಟುಕೊಳ್ಳಬಾರದು. ಯಹೂದಿ ವಸ್ತುಸಂಗ್ರಹಾಲಯದ ಕಟ್ಟಡಗಳು ಶನಿವಾರ ಮುಚ್ಚಿರುತ್ತವೆಂಬುದನ್ನೂ ನೆನಪಿಡಬೇಕು.

ರಾತ್ರಿ ಊಟದ ನಂತರ ನಿಯಮ ಸಡಿಲವಾಯಿತು, ವಾದ ಶುರುವಾಯಿತು. ಗಣಿತದ ಆರು ಅಂಕಿಗಳನ್ನು ಎಲ್ಲರೂ ತಮ್ಮ ಶಾಲೆಗೆ ಒಯ್ಯುವುದಾಗಿ ಹೇಳಿದರು, ಅದರಲ್ಲಿ ತಕರಾರಿರಲಿಲ್ಲ. ತೆರೆಜಿನ್ನಿನ ಚಿತ್ರಗಳನ್ನು ಯಾವ ವಯಸ್ಸಿನ ಮಕ್ಕಳಿಗೆ ತೋರಿಸಬೇಕೆಂಬಲ್ಲಿ ಮಾತ್ರ ಗುಂಪು ಎರಡಾಯಿತು. ಚಿಕ್ಕ ಮಕ್ಕಳಿಗೂ ತೋರಿಸೋಣ, ಬಿಡಿಸಿದವರ ಗತಿಯನ್ನು ಈಗಲೇ ಹೇಳಬೇಕಿಲ್ಲ ಎಂದು ಹಿರಿಯ ಶಿಕ್ಷಕಿ. ಅರ್ಧ ಮುಚ್ಚಿಟ್ಟು ತೋರಿಸುವುದು ಆ ಮಕ್ಕಳಿಗೆ ಬಗೆಯುವ ಅನ್ಯಾಯವೆಂದು ಇತಿಹಾಸದವರು. ನನ್ನ ಒಲವು ಶಿಕ್ಷಕಿಯ ಕಡೆಗೆ, ಒಂದು ಷರತ್ತಿನೊಡನೆ: ಚಿತ್ರದ ಜೊತೆಗೆ ಬಿಡಿಸಿದ ಮಗುವಿನ ಹೆಸರನ್ನು ಮೊದಲ ದಿನವೇ ಹೇಳಬೇಕು, ಉಳಿದದ್ದನ್ನು ಮಕ್ಕಳು ಕೇಳಿದ ದಿನ ಮರೆಮಾಚದೆ ಹೇಳಬೇಕು. ಇತಿಹಾಸದವರು ಇದನ್ನು ಒಪ್ಪಲಿಲ್ಲ. ನೀವೇನು ಹೇಳುತ್ತೀರೋ, ಪ್ರಶ್ನೋತ್ತರದ ಹೊತ್ತಿನಲ್ಲಿ ಕೇಳಲು ಕಾದಿದ್ದೇನೆ.