ಗೋಡೆಯಾಚೆಯ ಮೊಟ್ಟೆಗಳು

ಕೇಳುಗರಿಗೆ ನಮಸ್ಕಾರ. ಚೀನಾದ ಶಾನ್‌ಡಾಂಗ್ ಪ್ರಾಂತ್ಯದಲ್ಲಿ ವೇಯ್‌ಶೇನ್ ಅಂತ ಒಂದು ಊರು. ಅಲ್ಲಿ ಅಮೆರಿಕದ ಪ್ರೆಸ್ಬಿಟೇರಿಯನ್ ಮಿಷನ್ನಿನ ದೊಡ್ಡ ಆವರಣವಿತ್ತು. ಎರಡನೇ ಮಹಾಯುದ್ಧದ ಹೊತ್ತು, 1943ರ ಮಾರ್ಚ್‌ನಲ್ಲಿ ಜಪಾನಿ ಸೇನೆ ಉತ್ತರ ಚೀನಾದಲ್ಲಿದ್ದ ಬ್ರಿಟನ್, ಅಮೆರಿಕದಂಥ ತನ್ನ ಶತ್ರುದೇಶಗಳವರನ್ನು ತಂದು ಅಲ್ಲಿ ಕೂಡಿಹಾಕಿತು. ವ್ಯಾಪಾರಿಗಳು, ಮೇಷ್ಟ್ರುಗಳು, ಪುಟ್ಟ ಮಕ್ಕಳು, ಎಲ್ಲ ಸೇರಿ 1500ಕ್ಕೂ ಜಾಸ್ತಿ ಜನ. ಅವರಲ್ಲಿ ಸುಮಾರು 400 ಮಂದಿ ಕ್ಯಾಥೋಲಿಕ್ ಪಾದ್ರಿಗಳು ಮತ್ತು ಸಿಸ್ಟರ್‌ಗಳು.

ಪಾದ್ರಿಗಳು ಅಂದರೆ ಸುಮ್ನೆ ಜಪ ಮಾಡಿಕೊಂಡು ಕೂತಿರುತ್ತಾರೆ ಅಂದುಕೊಳ್ಳುತ್ತೇವೆ, ಅಲ್ವಾ? ಇವರು ನಿಲುವಂಗಿ ಕಳಚಿಟ್ಟು ಹಿಟ್ಟು ನಾದಿದರು, ಒಲೆ ಕಟ್ಟಿದರು, ತುಂಬಿ ನಾರುತ್ತಿದ್ದ ಕಕ್ಕಸು ತೊಳೆದರು. ಹಳ್ಳಿಗಾಡಿನಲ್ಲಿ ವರ್ಷಗಟ್ಟಲೆ ಬದುಕಿದವರಿಗೆ ಅದೇನು ದೊಡ್ಡ ಕೆಲಸ! ಕೈಗೆ ಕೆಸರು ತಾಗದ ಸಾಹೇಬರುಗಳೇ ಒದ್ದಾಡಿದ್ದು.

ಇವರಲ್ಲಿ ಪ್ಯಾಟ್ರಿಕ್ ಸ್ಕ್ಯಾನ್ಲನ್ ಅಂತ ಆಸ್ಟ್ರೇಲಿಯಾದ ಒಬ್ಬ ಪಾದ್ರಿ. ಮೌನವ್ರತಕ್ಕೆ ಹೆಸರಾದ ಟ್ರ್ಯಾಪಿಸ್ಟ್ ಮಠದವರು. ಗೋಡೆಯ ಬುಡದಲ್ಲಿ ಇಟ್ಟಿಗೆ ಸರಿಸಿ, ಪ್ರಾರ್ಥನೆ ಪುಸ್ತಕ ಹಿಡಿದು ಅಲ್ಲೇ ಕೂರುತ್ತಿದ್ದರಂತೆ. ಆಚೆಯಿಂದ ಚೀನಾದ ರೈತರು ಮೊಟ್ಟೆ ತಳ್ಳಿದರೆ, ಅದು ನೇರ ನಿಲುವಂಗಿಯ ಮಡಿಲಿಗೆ. ಕಾವಲುಗಾರ ಬಂದರೆ ದೂರದಲ್ಲಿ ನಿಂತ ಜೊತೆಯವರು ಲ್ಯಾಟಿನ್ ಸ್ತೋತ್ರ ಶುರುಮಾಡುವರು. ಆ ಮೊಟ್ಟೆ ಮಕ್ಕಳ ಪಾಲಿಗೆ. ಚಿಪ್ಪನ್ನೂ ಬಿಸಾಡುತ್ತಿರಲಿಲ್ಲ. ಹಲ್ಲು, ಮೂಳೆ ಗಟ್ಟಿಯಾಗಲಿ ಅಂತ ಪುಡಿ ಮಾಡಿ ಚಮಚದಲ್ಲಿ ತಿನ್ನಿಸುತ್ತಿದ್ದರು. ಗಂಟಲಲ್ಲಿ ಮರಳಿನಂತೆ ಗರಗರ!

ಕೊನೆಗೆ ಫಾದರ್ ಸಿಕ್ಕಿಬಿದ್ದರು. ಒಂಟಿ ಕೋಣೆಯ ಶಿಕ್ಷೆ ಅಂದಾಗ ಶಿಬಿರವೆಲ್ಲ ನಕ್ಕಿತಂತೆ. ಮಾತಿಲ್ಲದೆ ಇರೋದು ಅವರಿಗೆ ಹೊಸದಾ? ಸಾಲದ್ದಕ್ಕೆ ರಾತ್ರಿ ಹೊತ್ತು ದೊಡ್ಡ ದನಿಯಲ್ಲಿ ಪ್ರಾರ್ಥನೆ ಹಾಡಿ ಕಾವಲುಗಾರರ ನಿದ್ದೆ ಕೆಡಿಸಿದರು. ಅವಧಿ ಮುಗಿಯುವ ಮೊದಲೇ ಬಿಟ್ಟುಬಿಟ್ಟರು ಅಂತ ಅಲ್ಲಿದ್ದವರು ಹೇಳುತ್ತಿದ್ದರು. ಹೇಳುತ್ತಾ ಹೇಳುತ್ತಾ ಕಥೆ ಒಂದಿಷ್ಟು ಬೆಳೆದಿರಲೂಬಹುದು ಬಿಡಿ.

1943ರ ಆಗಸ್ಟ್‌ನಲ್ಲಿ ಪಾದ್ರಿ, ಸಿಸ್ಟರ್‌ಗಳಲ್ಲಿ ಬಹುಪಾಲು ಜನರನ್ನು ಬೀಜಿಂಗ್‌ನ ಧಾರ್ಮಿಕ ಮನೆಗಳಿಗೆ ಕಳಿಸಿದರು. ಕಳಿಸಿಕೊಡುವಾಗ ಬಹಳ ಜನ ಅತ್ತರು. ರೊಟ್ಟಿ ಸುಡುವ, ಭಾರ ಹೊರುವ ಕೈಗಳೇ ಹೋಗುತ್ತಿದ್ದವಲ್ಲ.

ಉಳಿದವರಲ್ಲಿ ಬೆಲ್ಜಿಯಂನ ಫಾದರ್ ರೇಮಂಡ್ ದ ಯೇಗರ್ ಒಬ್ಬರು. ಕಕ್ಕಸಿನ ಗೊಬ್ಬರ ಹೊರಲು ಬರುತ್ತಿದ್ದ ಚೀನಾದ ಕೂಲಿಗಳ ಕೈಲಿ ಗುಟ್ಟಾಗಿ ಪತ್ರ ದಾಟಿಸಿದವರು. ಹೊರಗಿದ್ದ ಗೆರಿಲ್ಲಾಗಳ ಸಂಪರ್ಕ ಬೆಳೆಸಿ, ತಾವೂ ಓಡಿಹೋಗಲು ತಯಾರಾಗಿದ್ದರು. ಮೇಲಿನ ಪಾದ್ರಿ ಬೇಡವೆಂದರು. 1944ರ ಜೂನ್‌ನಲ್ಲಿ ಟಿಪ್ಟನ್ ಮತ್ತು ಹಮ್ಮಲ್ ಎಂಬಿಬ್ಬರು ಗೋಡೆ ಹಾರಿದರು. ದ ಯೇಗರ್ ಒಳಗೇ ಉಳಿದರು. 1945ರ ಆಗಸ್ಟ್ 17ರಂದು ಆರು ಅಮೆರಿಕನ್ ಸೈನಿಕರು ಮತ್ತು ಚೀನಾದ ಒಬ್ಬ ದುಭಾಷಿ ಪ್ಯಾರಾಚೂಟ್‌ನಲ್ಲಿ ಇಳಿದ ಮೇಲೆಯೇ ಶಿಬಿರದ ಬಾಗಿಲು ತೆರೆದದ್ದು.