ಜೇಬಿನ ಗುಳಿಗೆ, ಹೊಟ್ಟೆಯ ಗುಳಿಗೆ

ಎಲ್ಲರಿಗೂ ಶರಣು ಶರಣಾರ್ಥಿ.

ಅಧ್ಯಕ್ಷರು ನನಗೆ ಇಪ್ಪತ್ತು ನಿಮಿಷ ಕೊಟ್ಟಿದ್ದಾರೆ. ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ಗಣಿತ ಕಲಿಸಿದವನು ನಾನು. ಬೆಲ್ ಹೊಡೆಯುವ ತನಕ ನಿಲ್ಲಿಸುವುದು ಗೊತ್ತಿಲ್ಲ. ಹಾಗಾಗಿ ಬೆಲ್ ಹೊಡೆಯುವ ಕೆಲಸ ಅವರದೇ.

ಇವತ್ತು ಅಕ್ಟೋಬರ್ 10. 1992ರಿಂದ ಈ ದಿನವನ್ನು ವಿಶ್ವ ಮಾನಸಿಕ ಆರೋಗ್ಯ ದಿನ ಅಂತ ಆಚರಿಸುತ್ತಾರೆ. ಡಾಕ್ಟರುಗಳು ಮಾತಾಡುವ ದಿನ ಇದು. ನನ್ನನ್ನು ಯಾಕೆ ಕರೆದರು ಅಂದರೆ, ಇಲ್ಲಿ ಗುಳಿಗೆ ಬರೆದುಕೊಡುವವರು ಇದ್ದಾರೆ, ನುಂಗಿದವನೂ ಒಬ್ಬ ಬೇಕಿತ್ತಂತೆ. ಡಾಕ್ಟರ್ ಸಾಹೇಬರು ಪಕ್ಕದಲ್ಲೇ ಕೂತಿದ್ದಾರೆ. ತಪ್ಪು ಹೇಳಿದರೆ ಕಿವಿ ಹಿಂಡಲಿ.

ಗಾಬರಿ ಅಂದರೇನು ಅಂತ ನಿಮಗೆ ಹೇಳಬೇಕಾಗಿಲ್ಲ. ಮಗಳ ಮದುವೆ, ಮಗನ ರಿಸಲ್ಟು, ಮಳೆ ಹೋದ ವರ್ಷ, ಇವಕ್ಕೆಲ್ಲ ಗಾಬರಿ ಆಗಲೇಬೇಕು. ನನ್ನದು ಆ ಜಾತಿಯದಲ್ಲ. ಕಾರಣವೇ ಇಲ್ಲದೆ ಬೆಳಗಿನ ನಾಲ್ಕು ಗಂಟೆಗೆ ಎಚ್ಚರ. ಎದೆ ಡವಡವ, ಅಂಗೈ ಒದ್ದೆ. ಎಲ್ಲೋ ಏನೋ ಕೆಟ್ಟದಾಗಿದೆ, ಸುದ್ದಿ ಇನ್ನೂ ನನಗೆ ಮುಟ್ಟಿಲ್ಲ ಅಷ್ಟೆ ಅನ್ನುವ ಭಾವ. ಅದೂ ದಿನಾ. ಅದಕ್ಕೆ ನಾನು ಕಂಡುಕೊಂಡ ಮದ್ದು ಅಲ್ಪ್ರಾಜೋಲಾಮ್. ಒಮ್ಮೆ ಯಾರೋ ಡಾಕ್ಟರು ಹತ್ತು ದಿನಕ್ಕೆ ಬರೆದುಕೊಟ್ಟಿದ್ದರು. ಗುರುತಿನ ಅಂಗಡಿಯಿಂದ ತಂದು ಆರು ವರ್ಷ ನುಂಗಿದೆ. ಚೀಟಿ ಹಳದಿ ಆಯಿತು, ಹರಿಯಿತು, ಕಡೆಗೆ ಕಳೆದೇ ಹೋಯಿತು. ಗುಳಿಗೆ ಮಾತ್ರ ಬರುತ್ತಲೇ ಇತ್ತು.

ಸ್ಟ್ರಿಪ್ ಯಾವಾಗಲೂ ಅಂಗಿಯ ಜೇಬಿನಲ್ಲಿ. ನಿಮ್ಮಲ್ಲೂ ಕೆಲವರ ಜೇಬಿನಲ್ಲಿ ಈಗ ಇರಬಹುದು, ನಾನು ನೋಡಲ್ಲ ಬಿಡಿ. ಗುಳಿಗೆ ತೆಗೆದಂತೆಲ್ಲ ಆ ಹಾಳೆಯ ಅಂಚು ಚೂಪಾಗುತ್ತದೆ. ಜೇಬಿನ ಮೂಲೆಯನ್ನು ಕೊರೆಯುತ್ತದೆ. ನನ್ನ ಎಲ್ಲ ಅಂಗಿಗಳಿಗೂ ಎಡಗಡೆ ಜೇಬಿನ ಕೆಳಮೂಲೆಯಲ್ಲಿ ಒಂದು ತೂತು. ನನ್ನಾಕೆ ಕೂತು ಹೊಲಿಯುತ್ತಿದ್ದಳು. ಪೆನ್ನಿನ ಇಂಕು ಬಿದ್ದರೆ ಬೈಯುವವಳು ಈ ತೂತಿಗೆ ಮಾತ್ರ ಏನೂ ಅನ್ನುತ್ತಿರಲಿಲ್ಲ.

ಈಗ ಹುಮನಾಬಾದಿನ ಕಥೆ. ನನ್ನ ಗೆಳೆಯರು ಮುಂದಿನ ಸಾಲಿನಲ್ಲಿ ನಗುತ್ತಿದ್ದಾರೆ. ಇದನ್ನು ಹತ್ತು ಸಲ ಕೇಳಿದ್ದಾರೆ. ಹನ್ನೊಂದನೇ ಸಲ ಕೇಳಲಿ.

2015ರ ಮೇ ತಿಂಗಳು. ಬೀದರಿನಲ್ಲಿ ಒಂದು ಮದುವೆ. ಆಗ ನಮ್ಮ ಬೀದರ್ ರೈಲು ಇನ್ನೂ ಶುರುವಾಗಿರಲಿಲ್ಲ, ಅದು ಬಂದದ್ದು 2017ರಲ್ಲಿ. ಬಸ್ಸಿನಲ್ಲೇ ಹೊರಟೆ. ಕಲಬುರಗಿ ಬಿಸಿಲು ನಿಮಗೆ ಗೊತ್ತು, ಕಿಟಕಿಯ ಸರಳು ಮುಟ್ಟಿದರೆ ಕೈ ಸುಡುತ್ತೆ. ಪಕ್ಕದಲ್ಲಿ ಒಬ್ಬ ರೈತ. ಅದು ತೊಗರಿ ಬೇಳೆ ದರ ಏರುತ್ತಿದ್ದ ವರ್ಷ. ದರ ಏರಿದಾಗ ನಮ್ಮ ಹತ್ತಿರ ಮಾಲು ಯಾಕೆ ಇರಲ್ಲ ಅನ್ನೋದರ ಮೇಲೆ ಇಬ್ಬರೂ ಭಾರಿ ಚರ್ಚೆ ಮಾಡಿದೆವು. ಎಂಥ ಆರಾಮು! ಕಮಲಾಪುರ ಬಂತು. ಕೆಂಪು ಬಾಳೆಹಣ್ಣು ತಗೊಳ್ಳೋಣ ಅಂತ ದುಡ್ಡಿಗೆ ಜೇಬಿಗೆ ಕೈ ಹಾಕಿದೆ. ದುಡ್ಡಿದೆ. ಸ್ಟ್ರಿಪ್ ಇಲ್ಲ.

ಅಷ್ಟೇ. ಅಲ್ಲಿಂದ ಶುರುವಾಯಿತು ನೋಡಿ. ಎದೆ ಬಾಯಿಗೆ ಬಂತು. ಬಾಳೆಹಣ್ಣಿನವಳು ಚಿಲ್ಲರೆ ಕೊಡುತ್ತಿದ್ದಳು, ಬಸ್ಸು ಬಿಟ್ಟಿತು, ಹಣ್ಣೂ ಇಲ್ಲ ಚಿಲ್ಲರೆಯೂ ಇಲ್ಲ. ಹುಮನಾಬಾದಿನಲ್ಲಿ ಬೀಳುತ್ತಾ ಏಳುತ್ತಾ ಇಳಿದೆ. ಮೆಡಿಕಲ್‌ಗೆ ಓಡಿದೆ. ಹುಡುಗ ಕೇಳಿದ, "ಚೀಟಿ?" ನಾನು ಮಾಸ್ತರು, ಕಲಬುರಗಿಯವನು ಅಂದೆ. "ಸರ್, ಚೀಟಿ ಇಲ್ಲದ ಕೊಡಂಗಿಲ್ಲ. ರಜಿಸ್ಟರ್‌ನ್ಯಾಗ ಡಾಕ್ಟರ್ ಹೆಸರು, ನಿಮ್ಮ ಹೆಸರು ಬರೀಬೇಕು" ಅಂದ. 2014ರಿಂದ ಆ ಕಾಯ್ದೆ ಬಂದಿದೆ, ಈ ಗುಳಿಗೆ ಎಚ್1 ಪಟ್ಟಿಯಲ್ಲಿದೆ, ಅಂದರೆ ಚೀಟಿ ನೋಡಿ ರಜಿಸ್ಟರಿನಲ್ಲಿ ಬರೆದೇ ಮಾರಬೇಕಾದ ಔಷಧಿಗಳ ಪಟ್ಟಿ, ಮೂರು ವರ್ಷ ಆ ದಾಖಲೆ ಇಡಬೇಕು. ಆಗ ಅವನನ್ನು ಶಪಿಸಿದೆ. ಈಗ ಅವನು ಸಿಕ್ಕರೆ ಶಾಲು ಹೊದಿಸುತ್ತೇನೆ.

ಮನೆಗೆ ಫೋನ್ ಹಚ್ಚಿದೆ. ನನ್ನಾಕೆ ಅಂದಳು, "ರೀ, ನಿಮ್ಮ ಗುಳಗಿ ನಿನ್ನಿ ಅಂಗಿ ಜೇಬಿನ್ಯಾಗ ಅವ. ಅಂಗಿ ಬಕೇಟಿನ್ಯಾಗ ಅದ." ಅಂದರೆ ಮನೆ ಬಿಟ್ಟಾಗಿನಿಂದಲೂ ನನ್ನ ಜೇಬು ಖಾಲಿ! ಬಸ್ ಸ್ಟ್ಯಾಂಡಿನ ಕಟ್ಟೆಯ ಮೇಲೆ ಕೂತೆ. ಒಂದು ಸೋಡಾ ಕುಡಿದೆ. ಅರ್ಧ ತಾಸಿಗೆ ಡವಡವ ತಾನಾಗಿ ಇಳಿಯಿತು. ಮುಂದಿನ ಬಸ್ಸು ಹತ್ತಿ ಬೀದರಿಗೆ ಹೋಗಿ ಊಟ ಮಾಡಿದೆ.

ಈಗ ಹೇಳಿ, ಕಮಲಾಪುರದ ತನಕ ನನ್ನ ಗಾಬರಿ ಎಲ್ಲಿತ್ತು? ನನ್ನನ್ನು ಕಾಯುತ್ತಿದ್ದುದು ಹೊಟ್ಟೆಯ ಗುಳಿಗೆ ಅಲ್ಲ, ಜೇಬಿನ ಗುಳಿಗೆ. ನುಂಗಿದ ಎರಡೇ ನಿಮಿಷಕ್ಕೆ ನನಗೆ ಹಾಯ್ ಅನಿಸುತ್ತಿತ್ತು. ಲೆಕ್ಕ ಹಾಕಿದರೆ ಅದು ರಕ್ತದಲ್ಲಿ ತುದಿ ಮುಟ್ಟಲು ಒಂದರಿಂದ ಎರಡು ತಾಸು ಬೇಕು. ಗುಳಿಗೆ ಇನ್ನೂ ಕರಗಿಯೇ ಇಲ್ಲ, ಮಾಸ್ತರು ಆರಾಮ!

ಇದನ್ನು ಕೇಳಿ ಯಾರೂ ನಾಳೆಯಿಂದ ಸ್ಟ್ರಿಪ್ ಬಿಸಾಡಬೇಡಿ. ಈ ಕಥೆ ಹೇಳಿದಾಗ ನನ್ನ ಡಾಕ್ಟರು ನಗಲಿಲ್ಲ. ವರ್ಷಗಟ್ಟಲೆ ನುಂಗಿದ್ದನ್ನು ಒಮ್ಮೆಲೇ ಬಿಟ್ಟರೆ ಫಿಟ್ಸ್ ಬರಬಹುದು, ನಿಮ್ಮದು ಒಂದು ದಿನಕ್ಕೆ ಮುಗಿಯಿತು, ಪುಣ್ಯ ಅಂದರು. ಆಮೇಲೆ ಅವರು ಬರೆದದ್ದು ನಿಧಾನದ ಗುಳಿಗೆ. ರಾತ್ರಿಗೆ ಕ್ಲೊನಾಜೆಪಾಮ್, ಅದು ಅಲ್ಪ್ರಾಜೋಲಾಮ್ ಜಾತಿಯದೇ. ಬೆಳಿಗ್ಗೆಗೆ ಎಸಿಟಲೊಪ್ರಾಮ್, ಅದು ಬೇರೆ ಜಾತಿ, ದಿನಾ ನುಂಗುತ್ತಾ ಹೋದರೆ ವಾರಗಳ ಮೇಲೆ ಗಾಬರಿ ಇಳಿಸುವಂಥದ್ದು. ಎಷ್ಟು ಮಿಲಿಗ್ರಾಂ ಅಂತ ಹೇಳಲ್ಲ. ಹೇಳಿದರೆ ಸಂಜೆಗೇ ಇಬ್ಬರು ಮೆಡಿಕಲ್ ಮುಂದೆ ನಿಂತಿರುತ್ತೀರಿ.

ಇಲ್ಲಿ ಸ್ವಲ್ಪ ಗಣಿತ ಮಾಡಲೇಬೇಕು. ಬೋರ್ಡ್ ಇಲ್ಲ, ಕೈಯಲ್ಲೇ ಬರೆಯುತ್ತೇನೆ. ಮೈಯಲ್ಲಿರುವ ಔಷಧಿ ಅರ್ಧಕ್ಕೆ ಇಳಿಯಲು ಬೇಕಾದ ಹೊತ್ತಿಗೆ ಅರ್ಧಾಯುಷ್ಯ ಅನ್ನುತ್ತಾರೆ. ಅಲ್ಪ್ರಾಜೋಲಾಮ್‌ನದು ಸುಮಾರು 11 ತಾಸು. ಒಂದು ದಿನ ಕಳೆದರೆ ಕಾಲುಭಾಗವೂ ಉಳಿಯಲ್ಲ. ಕ್ಲೊನಾಜೆಪಾಮ್‌ನದು 30ರಿಂದ 40 ತಾಸು. ಮರುದಿನ ಅದೇ ಹೊತ್ತಿಗೆ ಅರ್ಧಕ್ಕಿಂತ ಜಾಸ್ತಿ ಇನ್ನೂ ಒಳಗೇ ಇರುತ್ತೆ. ಈಗ ಅರ್ಧಾಯುಷ್ಯ ಸರಿಯಾಗಿ ಒಂದು ದಿನ ಅಂತ ಇಟ್ಟುಕೊಳ್ಳಿ. ದಿನಾ ಒಂದು ಗುಳಿಗೆ. ಮೊದಲ ದಿನ 1. ಮರುದಿನ ಹಳೆಯದರ ಅರ್ಧ, ಮೇಲೆ ಹೊಸದು, 1.5. ಮೂರನೇ ದಿನ 1.75. ನಾಲ್ಕನೇ ದಿನ 1.875. ಐದನೇ ದಿನ 1.94ರ ಹತ್ತಿರ. ಎಷ್ಟು ವರ್ಷ ನುಂಗಿದರೂ 2 ದಾಟಲ್ಲ. ಗುಣೋತ್ತರ ಶ್ರೇಢಿ! ಇದು ಯಾವ ಕೆಲಸಕ್ಕೆ ಬರುತ್ತೆ ಸರ್ ಅಂತ ಕೇಳುತ್ತಿದ್ದ ಹುಡುಗರೆಲ್ಲ ಈಗ ಎಲ್ಲಿದ್ದೀರಪ್ಪಾ?

ಅಂದರೆ ಐದು ಅರ್ಧಾಯುಷ್ಯಕ್ಕೆ ಕೊಡ ಹೆಚ್ಚುಕಡಿಮೆ ತುಂಬುತ್ತೆ. ಆಮೇಲೆ ಏರಿಳಿತ ಕಡಿಮೆ. ಎಸಿಟಲೊಪ್ರಾಮ್ ರಕ್ತದಲ್ಲಿ ಒಂದು ವಾರಕ್ಕೆ ಸಮಕ್ಕೆ ಬರುತ್ತೆ. ಆದರೆ ತಲೆ ಅದಕ್ಕೆ ಒಗ್ಗಲು ಇನ್ನೂ ಹಲವು ವಾರ ಬೇಕು. ಈ ನಡುವಿನ ವಾರಗಳಲ್ಲೇ ಜನ ಬಿಟ್ಟುಬಿಡುವುದು.

ನನ್ನದೂ ಅದೇ ಆಗುತ್ತಿತ್ತು. ಮೊದಲ ವಾರ ಹೊಟ್ಟೆ ತೊಳಸುತ್ತಿತ್ತು. ಜೋಳದ ರೊಟ್ಟಿ ಬಾಯಿಗೆ ರಟ್ಟಿನ ಹಾಗೆ. ಗಾಬರಿ ಕಡಿಮೆ ಆಗುವ ಬದಲು ಒಂದೆರಡು ದಿನ ಜಾಸ್ತಿಯೇ ಆಯಿತು. ಹಾಗೂ ಆಗುತ್ತೆ ಅಂತ ಡಾಕ್ಟರು ಮೊದಲೇ ಹೇಳಿದ್ದರು, ಅದಕ್ಕೇ ಬಚಾವಾದೆ. ಆಮೇಲೆ ತೂಕಡಿಕೆ. ಪೈಥಾಗೊರಸ್ ಪ್ರಮೇಯದ ನಡುವೆ ನಾನೇ ಆಕಳಿಸಿದೆ. ಇಷ್ಟು ವರ್ಷ ಮಕ್ಕಳ ಆಕಳಿಕೆ ನೋಡಿದ ನನಗೆ ಅವತ್ತು ತಿರುಗುಬಾಣ.

ಆದರೆ ಇವೆಲ್ಲ ತಡೆಯಬಹುದು. ತಡೆಯಲಾಗದ್ದು ಬೇರೆ. ಏನೂ ಅನಿಸುತ್ತಲೇ ಇರಲಿಲ್ಲ! ನುಂಗಿದ ಕೂಡಲೇ ಸಿಗುತ್ತಿದ್ದ ಆ 'ಹಾಯ್' ಇಲ್ಲ. ಬೆಳಿಗ್ಗೆ ನೀರಿನ ಜೊತೆ ನುಂಗಿ ಕೂತರೆ ಸುಮ್ನೆ ಬೆಲ್ಲದ ಚೂರು ನುಂಗಿದ ಹಾಗೆ. ಡಾಕ್ಟರು ಮೋಸ ಮಾಡಿದರಾ ಅನಿಸಿತು. ಆಳಂದದ ಕಡೆ ನನ್ನ ತಮ್ಮ ಹೊಲ ಮಾಡುತ್ತಾನೆ. ಅವನ ಮುಂದೆ ಗೋಳಾಡಿದೆ. ಅವನು ಅಂದ, "ಅಣ್ಣಾ, ತೊಗರಿ ಬಿತ್ತಿ ತಿಂಗಳಿಗೇ ಕುಡುಗೋಲು ಹಿಡಕೊಂಡು ಹೊಲಕ್ಕ ಹೋಗ್ತಾರೇನು?"

ನಿಮಗೆ ಗೊತ್ತಿದೆ, ತೊಗರಿ ಸಾಲಿನ ನಡುವೆ ಹೆಸರುಕಾಳು ಹಾಕುತ್ತೇವೆ. ಹೆಸರು ಅರವತ್ತು ಎಪ್ಪತ್ತು ದಿನಕ್ಕೆ ಕೈಗೆ ಬರುತ್ತೆ, ಕಿತ್ತು ತೆಗೆಯುತ್ತೇವೆ. ತೊಗರಿ ಆಗ ಇನ್ನೂ ಸಣ್ಣದು, ಅದು ರಾಶಿಗೆ ಬರೋದು ಡಿಸೆಂಬರ್, ಜನವರಿಗೆ. ಡಾಕ್ಟರು ನನಗೆ ಮಾಡಿದ್ದೂ ಇದೇ ಬೇಸಾಯ. ರಾತ್ರಿಯ ಗುಳಿಗೆ ಹೆಸರು. ನಾಲ್ಕು ತಿಂಗಳಲ್ಲಿ ಸ್ವಲ್ಪಸ್ವಲ್ಪವೇ ಇಳಿಸಿ ತೆಗೆದರು. ಬೆಳಗಿನದು ತೊಗರಿ. ಅದು ಹೊಲದಲ್ಲೇ ಉಳಿಯಿತು. ಹೆಸರನ್ನೇ ವರ್ಷಪೂರ್ತಿ ಹೊಲದಲ್ಲಿ ಬಿಟ್ಟಿದ್ದು ನನ್ನ ಆರು ವರ್ಷದ ತಪ್ಪು. ಡಾಕ್ಟರ್ ಸಾಹೇಬರು ತಲೆ ಆಡಿಸುತ್ತಿದ್ದಾರೆ, ಮುಂದೆ ಹೋಗುತ್ತೇನೆ.

ಗುಣ ಆಗಿದ್ದು ನನಗೆ ಯಾವಾಗ ಗೊತ್ತಾಯಿತು? ನನಗೆ ಗೊತ್ತೇ ಆಗಲಿಲ್ಲ. ದೀಪಾವಳಿ ಸ್ವಚ್ಛತೆ ಮಾಡುವಾಗ ನನ್ನಾಕೆ ಅಂಗಿಗಳನ್ನು ಮಡಿಸುತ್ತಾ ಅಂದಳು, "ಈಗೀಗ ಜೇಬು ಹೊಲಿಯೋ ಕೆಲಸನೇ ಬಂದಿಲ್ಲ ನೋಡ್ರಿ." ನಾನು ಜೇಬು ಮುಟ್ಟಿ ನೋಡಿಕೊಂಡೆ. ಖಾಲಿ. ಯಾವಾಗಿನಿಂದ ಖಾಲಿ ಅಂತ ನೆನಪೇ ಇಲ್ಲ.

ಬೆಲ್ ಆಯಿತಾ? ಆಯಿತು. ಐದು ಅಂಶ ಬರೆದುಕೊಂಡು ಬಂದಿದ್ದೆ, ಎರಡನೆಯದರಲ್ಲೇ ಇದ್ದೇನೆ. ಓಡಿಸುತ್ತೇನೆ.

ಕೆಲವು ಗುಳಿಗೆ ಹುಟ್ಟಾ ನಿಧಾನ. ಇನ್ನು ಕೆಲವನ್ನು ಕಂಪನಿಯವರು ನಿಧಾನ ಮಾಡಿರುತ್ತಾರೆ. ಹೆಸರಿನ ಮುಂದೆ ಎಸ್‌ಆರ್, ಎಕ್ಸ್‌ಆರ್, ಸಿಆರ್ ಅಂತ ಇರುತ್ತೆ ನೋಡಿ. ಅವನ್ನು ಮುರಿಯಬೇಡಿ, ಅರೆಯಬೇಡಿ, ಅಗಿಯಬೇಡಿ. ನಮ್ಮ ಓಣಿಯ ಅಜ್ಜಿ ಗಂಟಲಿಗೆ ದೊಡ್ಡದು ಅಂತ ಅಂಥ ಗುಳಿಗೆಯನ್ನು ಲಟ್ಟಣಿಗೆಯಿಂದ ಪುಡಿ ಮಾಡಿ ಜೇನಿನಲ್ಲಿ ನೆಕ್ಕುತ್ತಿದ್ದಳು. ಇಡೀ ದಿನದ್ದು ಒಂದೇ ಸಲಕ್ಕೆ ಒಳಗೆ! ಮಧ್ಯಾಹ್ನದ ತನಕ ಮಂಚ ಬಿಟ್ಟು ಏಳುತ್ತಿರಲಿಲ್ಲ.

ಒಂದು ದಿನ ಮರೆತರೆ ಮರುದಿನ ಎರಡು ನುಂಗಬೇಡಿ. ಆರಾಮಾಯಿತು ಅಂತ ನೀವೇ ನಿಲ್ಲಿಸಲೂ ಬೇಡಿ. ನಾನು 2016ರ ಬೇಸಿಗೆ ರಜೆಯಲ್ಲಿ ಆ ಜಾಣತನ ಮಾಡಿದೆ. ಮೂರನೇ ದಿನಕ್ಕೆ ತಲೆ ತಿರುಗಿಸಿದಾಗೆಲ್ಲ ಒಳಗೆ ಕರೆಂಟ್ ಹೊಡೆದ ಹಾಗೆ. ನಿಲ್ಲಿಸುವುದಕ್ಕೂ ಮೆಟ್ಟಿಲಿದೆ, ಡಾಕ್ಟರ ಕೈ ಹಿಡಿದು ಇಳಿಯಬೇಕು.

ರಾತ್ರಿಯ ಗುಳಿಗೆ ಇರುವವರು ಕುಡಿಯಲೇಬೇಡಿ, ಉಸಿರಿಗೇ ಕುತ್ತು. ವಯಸ್ಸಾದವರಿಗೆ ಅದು ಮೈಯಲ್ಲಿ ಜಾಸ್ತಿ ಹೊತ್ತು ಉಳಿಯುತ್ತೆ, ರಾತ್ರಿ ಬಚ್ಚಲಿಗೆ ಎದ್ದಾಗ ಬಿದ್ದು ಸೊಂಟ ಮುರಿದುಕೊಳ್ಳುತ್ತಾರೆ, ದೀಪ ಹಾಕಿಡಿ. ಇನ್ನೊಂದು, ಗಂಡ ಹೆಂಡಿರ ನಡುವಿನ ವಿಷಯ. ಬೆಳಗಿನ ಗುಳಿಗೆಯಿಂದ ಅಲ್ಲೂ ವ್ಯತ್ಯಾಸ ಆಗುತ್ತೆ. ನಾಚಿಕೆ ಬಿಟ್ಟು ಡಾಕ್ಟರಿಗೆ ಹೇಳಿ, ಅವರ ಹತ್ತಿರ ದಾರಿ ಇರುತ್ತೆ.

ಎರಡನೇ ಬೆಲ್. ಕೊನೆಯದು ಬರೆದುಕೊಳ್ಳಿ. 14416. ಟೆಲಿ ಮಾನಸ್. 2022ರ ಇದೇ ಅಕ್ಟೋಬರ್ 10ರಂದು ಶುರುವಾಯಿತು. ದುಡ್ಡಿಲ್ಲ, ಹಗಲು ರಾತ್ರಿ ಯಾವಾಗ ಬೇಕಾದರೂ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ. ಬೆಳಗಿನ ನಾಲ್ಕು ಗಂಟೆಗೂ ಎತ್ತುತ್ತಾರೆ. ಹಿಂದಿನ ಸಾಲಿನವರಿಗೆ ಕೇಳಿಸಿತಾ? ಒಂದು, ನಾಲ್ಕು, ನಾಲ್ಕು, ಒಂದು, ಆರು. ಪೆನ್ನಿಲ್ಲದವರು ಪಕ್ಕದವರನ್ನು ಕೇಳಿ. ಡಾಕ್ಟರ್ ಸಾಹೇಬ್ರೆ, ಮೈಕ್ ತಗೊಳ್ಳಿ.